ಹೈಕೆ ಕಾಮರ್ಲಿಂಗ್ ಓನ್ನೆಸ್

ಹೈಕೆ ಕಾಮರ್ಲಿಂಗ್ ಓನ್ನೆಸ್ (21 ಸೆಪ್ಟೆಂಬರ್ 1853 – 21 ಫೆಬ್ರವರಿ 1926) ನೆದರ್ಲೆಂಡ್ಸ್ ದೇಶದ ಭೌತವಿಜ್ಞಾನಿ. ಲೈಡನ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ದಶಕಗಳ ಕಾಲ ಪ್ರಾಯೋಗಿಕ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇವರು ಅತಿಶೀತ ಭೌತವಿಜ್ಞಾನದ ಸ್ಥಾಪಕರಲ್ಲಿ ಪ್ರಮುಖರು. 1908ರಲ್ಲಿ ಹೀಲಿಯಂ ಅನಿಲವನ್ನು ಮೊದಲ ಬಾರಿಗೆ ದ್ರವರೂಪಕ್ಕೆ ತಂದವರು ಮತ್ತು 1911ರಲ್ಲಿ ಪಾದರಸದಲ್ಲಿ ಅತಿವಾಹಕತೆಯನ್ನು ಕಂಡುಹಿಡಿದವರು ಇವರೇ. 1913ರಲ್ಲಿ ಇವರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಲೋಹಗಳ ಅತಿವಾಹಕತೆಯ ಮೇಲೆ ಒತ್ತಡವು ಬೀರುವ ಪರಿಣಾಮವನ್ನು ಕುರಿತ ಮೊದಲ ಅಳತೆಗಳೂ ಇವರ ಜೀವನದ ಕೊನೆಯ ವರ್ಷಗಳಲ್ಲಿ ಇವರ ಪ್ರಯೋಗಾಲಯದಲ್ಲಿಯೇ ನಡೆದವು.

ಜನನ ಮತ್ತು ಕುಟುಂಬ

ಓನ್ನೆಸ್ ಅವರು ನೆದರ್ಲೆಂಡ್ಸ್‌ನ ಉತ್ತರ ಭಾಗದ ಗ್ರೋನಿಂಗನ್ ನಗರದಲ್ಲಿ ಜನಿಸಿದರು. ತಂದೆ ಹಾರ್ಮ್ ಕಾಮರ್ಲಿಂಗ್ ಓನ್ನೆಸ್ ಇಟ್ಟಿಗೆ ಕಾರ್ಖಾನೆಯ ಒಡೆಯರು. ತಾಯಿ ಆನ್ನಾ ಗೆರ್ಡಿನಾ ಕೂರ್ಸ್ ಆರ್ನ್‌ಹೆಮ್ ನಗರದ ವಾಸ್ತುಶಿಲ್ಪಿಯೊಬ್ಬರ ಮಗಳು. ಮನೆಯಲ್ಲಿ ಶಿಸ್ತಿಗೂ ಕಲೆಗೂ ಸಮಾನವಾದ ಗೌರವವಿತ್ತು. ತಮ್ಮ ಮೆನ್ಸೊ ಚಿತ್ರಕಾರರಾದರು. ತಂಗಿ ಜೆನ್ನಿ ಚಿತ್ರಕಾರ ಫ್ಲೋರಿಸ್ ಫೆರ್ಸ್ಟರ್ ಅವರನ್ನು ವಿವಾಹವಾದರು. ಮತ್ತೊಬ್ಬ ತಮ್ಮ ಓನ್ನೊ ಆಮ್‌ಸ್ಟರ್‌ಡಾಮ್‌ನಲ್ಲಿ ವಾಣಿಜ್ಯ ಮಾಹಿತಿ ಕಚೇರಿಯ ನಿರ್ದೇಶಕರಾಗಿದ್ದರು. ಹೀಲಿಯಂ ಸಂಗ್ರಹಿಸುವ ಕೆಲಸದಲ್ಲಿ ಓನ್ನೊ ಅವರ ನೆರವು ಮುಂದೆ ನಿರ್ಣಾಯಕವಾಯಿತು.

ವಿದ್ಯಾಭ್ಯಾಸ

ಪ್ರೌಢಶಿಕ್ಷಣವನ್ನು ಗ್ರೋನಿಂಗನ್‌ನಲ್ಲಿ ಮುಗಿಸಿದ ಓನ್ನೆಸ್ 1870ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯವನ್ನು ಸೇರಿದರು. ಮರುವರ್ಷವೇ, ಹದಿನೆಂಟರ ಹರೆಯದಲ್ಲಿ, ಉಟ್ರೆಕ್ಟ್ ವಿಶ್ವವಿದ್ಯಾಲಯ ಏರ್ಪಡಿಸಿದ್ದ ಪ್ರಬಂಧ ಸ್ಪರ್ಧೆಯಲ್ಲಿ ಚಿನ್ನದ ಪದಕ ಗಳಿಸಿದರು. ಆವಿಯ ಸಾಂದ್ರತೆಯನ್ನು ಅಳೆಯುವ ವಿಧಾನಗಳು ಆ ಪ್ರಬಂಧದ ವಿಷಯವಾಗಿತ್ತು. 1871ರಿಂದ 1873ರವರೆಗೆ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ರಾಬರ್ಟ್ ಬುನ್ಸೆನ್ ಮತ್ತು ಗುಸ್ಟಾವ್ ಕಿರ್ಕಾಫ್ ಅವರ ಬಳಿ ವ್ಯಾಸಂಗ ಮಾಡಿದರು. 1879ರಲ್ಲಿ ಗ್ರೋನಿಂಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿ ಪಡೆದರು. ಭೂಮಿಯು ತನ್ನ ಅಕ್ಷದ ಸುತ್ತ ತಿರುಗುತ್ತದೆ ಎಂಬುದಕ್ಕೆ ಹೊಸ ಪುರಾವೆಗಳನ್ನು ಒದಗಿಸುವುದು ಅವರ ಮಹಾಪ್ರಬಂಧದ ಉದ್ದೇಶವಾಗಿತ್ತು.

ಇದೇ ಅವಧಿಯಲ್ಲಿ ಡೆಲ್ಫ್ಟ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಸಹಾಯಕರಾಗಿಯೂ ಅನಂತರ ಉಪನ್ಯಾಸಕರಾಗಿಯೂ ಕೆಲಸ ಮಾಡಿದರು. ಆಗ ಅವರಿಗೆ ಯೋಹಾನೆಸ್ ವಾನ್ ಡರ್ ವಾಲ್ಸ್ ಅವರ ಸಿದ್ಧಾಂತದ ಪರಿಚಯವಾಯಿತು. ಅನಿಲದ ಅಣುಗಳಿಗೆ ಗಾತ್ರವಿದೆ, ಅವು ಪರಸ್ಪರ ಆಕರ್ಷಿಸುತ್ತವೆ ಎಂಬ ಆಧಾರದ ಮೇಲೆ ವಾನ್ ಡರ್ ವಾಲ್ಸ್ ಅನಿಲಗಳ ವರ್ತನೆಯನ್ನು ವಿವರಿಸಿದ್ದರು. ಈ ಸಿದ್ಧಾಂತದ ಪ್ರಕಾರ ಒಂದು ಅನಿಲದ ಗುಣಗಳನ್ನು ತಿಳಿದರೆ ಮತ್ತೊಂದು ಅನಿಲವು ಯಾವ ತಾಪದಲ್ಲಿ ದ್ರವವಾಗಬಹುದು ಎಂದು ಮುಂಚಿತವಾಗಿ ಅಂದಾಜು ಮಾಡಬಹುದಿತ್ತು. ಅದನ್ನು ಅತ್ಯಂತ ಕಡಿಮೆ ತಾಪದವರೆಗೆ ಪರೀಕ್ಷಿಸಬೇಕೆಂಬ ಬಯಕೆಯೇ ಓನ್ನೆಸ್ ಅವರನ್ನು ಶೀತದ ಅಧ್ಯಯನಕ್ಕೆ ಎಳೆದುತಂದಿತು.

ಲೈಡನ್‌ನಲ್ಲಿ ಪ್ರಾಧ್ಯಾಪಕ

1882ರಲ್ಲಿ, 29ನೆಯ ವಯಸ್ಸಿನಲ್ಲಿ, ಓನ್ನೆಸ್ ಲೈಡನ್ ವಿಶ್ವವಿದ್ಯಾಲಯದ ಪ್ರಾಯೋಗಿಕ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಅಳತೆಯೇ ಅರಿವಿಗೆ ದಾರಿ ಎಂಬ ಆಶಯವನ್ನು ಪದಗ್ರಹಣದ ಭಾಷಣದಲ್ಲಿ ಮುಂದಿಟ್ಟು, ಅದನ್ನೇ ಪ್ರತಿ ಪ್ರಯೋಗಾಲಯದ ಧ್ಯೇಯವಾಕ್ಯವಾಗಿಸಬೇಕೆಂದು ಅವರು ಬಯಸಿದರು. ಅದೇ ವಿಶ್ವವಿದ್ಯಾಲಯದಲ್ಲಿ ಸೈದ್ಧಾಂತಿಕ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಹೆಂಡ್ರಿಕ್ ಲೊರೆಂಟ್ಸ್ ಅವರ ಸಮಕಾಲೀನರು. 1885ರಿಂದ ಪ್ರಯೋಗಾಲಯದ ಫಲಿತಾಂಶಗಳನ್ನು ಪ್ರಕಟಿಸಲು ಸ್ವಂತ ನಿಯತಕಾಲಿಕೆಯನ್ನು ಆರಂಭಿಸಿದರು. 1887ರಲ್ಲಿ ಮರಿಯಾ ಬೈಲೆವೆಲ್ಡ್ ಅವರನ್ನು ವಿವಾಹವಾದರು. ಈ ದಂಪತಿಗೆ ಆಲ್ಬರ್ಟ್ ಎಂಬ ಒಬ್ಬ ಮಗನಿದ್ದನು.

ಆ ಕಾಲದ ಪ್ರಯೋಗಾಲಯಗಳು ಸಾಮಾನ್ಯವಾಗಿ ಒಬ್ಬ ವಿಜ್ಞಾನಿ ಮತ್ತು ಒಂದಿಬ್ಬರು ಸಹಾಯಕರಿಂದ ನಡೆಯುತ್ತಿದ್ದವು. ಓನ್ನೆಸ್ ಅದನ್ನು ಕಾರ್ಖಾನೆಯ ಮಾದರಿಯಲ್ಲಿ ಕಟ್ಟಿದರು. ಪಂಪುಗಳು, ಸಂಕೋಚಕಗಳು, ಗಾಜಿನ ಪಾತ್ರೆಗಳು, ಅವುಗಳನ್ನು ನಡೆಸುವ ಯಂತ್ರಜ್ಞರು, ಗಾಜು ಊದುವವರು ಎಲ್ಲರೂ ಅಲ್ಲಿದ್ದರು. ಒಂದು ಅನಿಲವನ್ನು ದ್ರವವಾಗಿಸಿ, ಅದರ ಶೀತದಿಂದ ಮುಂದಿನ ಅನಿಲವನ್ನು ತಣಿಸುವ ಸರಣಿ ವಿಧಾನವನ್ನು ಅವರು ಅನುಸರಿಸಿದರು. ಮೀಥೈಲ್ ಕ್ಲೋರೈಡ್, ಎಥಿಲೀನ್, ಆಮ್ಲಜನಕ ಎಂಬ ಮೆಟ್ಟಿಲುಗಳನ್ನು ಇಳಿದು, 1890ರ ದಶಕದ ಮೊದಲ ಭಾಗದಲ್ಲಿ ಲೈಡನ್‌ನಲ್ಲಿ ದ್ರವ ಆಮ್ಲಜನಕವನ್ನು ಹೇರಳವಾಗಿ ತಯಾರಿಸುವ ವ್ಯವಸ್ಥೆ ಸಿದ್ಧವಾಯಿತು.

ಪ್ರಯೋಗಾಲಯದ ಅನುಮತಿಯ ವಿವಾದ

1807ರ ಜನವರಿಯಲ್ಲಿ ಲೈಡನ್ ನಗರದ ಕಾಲುವೆಯಲ್ಲಿ ನಿಂತಿದ್ದ ಮದ್ದಿನ ಹಡಗೊಂದು ಸ್ಫೋಟಗೊಂಡು ಒಂದು ಬಡಾವಣೆಯೇ ನಾಶವಾಗಿತ್ತು. ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಯೋಗಾಲಯವು ಆ ಹಾಳುಬಿದ್ದ ಪ್ರದೇಶದಲ್ಲಿಯೇ ಕಟ್ಟಲ್ಪಟ್ಟಿತ್ತು. ಹೆಚ್ಚಿನ ಒತ್ತಡದ ಅನಿಲಗಳು ಅಲ್ಲಿ ಸಂಗ್ರಹವಾಗಿವೆ ಎಂದು ತಿಳಿದಾಗ 1895ರಲ್ಲಿ ನಗರದ ಆಡಳಿತವು ಆತಂಕಗೊಂಡು ಆಕ್ಷೇಪಿಸಿತು. ವಿವಾದವು ಸರ್ಕಾರದ ಮಟ್ಟಕ್ಕೆ ಹೋಯಿತು. ಪರಿಶೀಲನೆಗೆ ನೇಮಕವಾದ ಸಮಿತಿಯಲ್ಲಿ ವಾನ್ ಡರ್ ವಾಲ್ಸ್ ಇದ್ದರು. ಲಂಡನ್ನಿನಲ್ಲಿ ಇದೇ ಬಗೆಯ ಕೆಲಸದಲ್ಲಿ ತೊಡಗಿದ್ದ ಜೇಮ್ಸ್ ಡ್ಯೂವರ್ ಅವರೂ ಓನ್ನೆಸ್ ಅವರನ್ನು ಬೆಂಬಲಿಸಿ ಪತ್ರ ಬರೆದರು.

ಅನುಮತಿ ದೊರೆತದ್ದು 1898ರಲ್ಲಿ. ಆ ವೇಳೆಗೆ ಅತಿಶೀತದ ಪ್ರಯೋಗಗಳು ಮೂರು ವರ್ಷ ಸ್ಥಗಿತಗೊಂಡಿದ್ದವು. ಅದೇ 1898ರಲ್ಲಿ ಡ್ಯೂವರ್ ಹೈಡ್ರೋಜನ್ ಅನಿಲವನ್ನು ದ್ರವೀಕರಿಸಿದರು. ಓನ್ನೆಸ್ ಅವರು ಹೈಡ್ರೋಜನ್ ದ್ರವೀಕರಣದಲ್ಲಿ ಯಶಸ್ವಿಯಾದದ್ದು 1906ರಲ್ಲಿ. ಆದರೆ ಅವರ ಯಂತ್ರವು ದ್ರವ ಹೈಡ್ರೋಜನ್ ಅನ್ನು ಗಂಟೆಗಟ್ಟಲೆ, ಲೀಟರುಗಟ್ಟಲೆ ಒದಗಿಸಬಲ್ಲದಾಗಿತ್ತು. ಹೀಲಿಯಂ ದ್ರವೀಕರಣಕ್ಕೆ ಬೇಕಾಗಿದ್ದುದು ಇಂಥ ನಿರಂತರ ಪೂರೈಕೆಯೇ.

ಉಪಕರಣ ತಯಾರಕರ ಶಾಲೆ

ಸೂಕ್ಷ್ಮ ಉಪಕರಣಗಳನ್ನು ತಯಾರಿಸುವ ನುರಿತ ಕೆಲಸಗಾರರಿಲ್ಲದೆ ಅಳತೆ ಸಾಧ್ಯವಿಲ್ಲ ಎಂಬುದನ್ನು ಅರಿತ ಓನ್ನೆಸ್, 1901ರಲ್ಲಿ ಉಪಕರಣ ತಯಾರಕರ ತರಬೇತಿಗಾಗಿ ಸಂಘವೊಂದನ್ನು ಸ್ಥಾಪಿಸಿದರು. ಇದರಿಂದ ಬೆಳೆದ ಲೈಡನ್ ಉಪಕರಣ ತಯಾರಕರ ಶಾಲೆಯಲ್ಲಿ ಹುಡುಗರು ಲೋಹದ ಕೆಲಸ, ಗಾಜಿನ ಕೆಲಸಗಳನ್ನು ಕಲಿಯುತ್ತಲೇ ಪ್ರಯೋಗಾಲಯದಲ್ಲಿ ನೆರವಾಗುತ್ತಿದ್ದರು. ಅವರು ಧರಿಸುತ್ತಿದ್ದ ನೀಲಿ ಅಂಗಿಯಿಂದಾಗಿ ಅವರನ್ನು ನೀಲಿ ಹುಡುಗರು ಎಂದು ಕರೆಯಲಾಗುತ್ತಿತ್ತು. ಈ ಶಾಲೆ ಇಂದಿಗೂ ಲೈಡನ್‌ನಲ್ಲಿ ನಡೆಯುತ್ತಿದೆ. ಓನ್ನೆಸ್ ಅವರ ಮುಖ್ಯ ಯಂತ್ರಜ್ಞ ಗೆರಿಟ್ ಫ್ಲಿಮ್ ಮತ್ತು ಗಾಜಿನ ಕುಶಲಕರ್ಮಿ ಆಸ್ಕರ್ ಕೆಸೆಲ್‌ರಿಂಗ್ ಅವರ ಕೈಚಳಕವು ಮುಂದಿನ ಸಾಧನೆಗಳಿಗೆ ಆಧಾರವಾಯಿತು.

ಹೀಲಿಯಂ ದ್ರವೀಕರಣ

ಹೀಲಿಯಂ ಇರುವಿಕೆಯ ಸುಳಿವು ಮೊದಲು ದೊರೆತದ್ದು ಸೂರ್ಯನ ಬೆಳಕಿನಲ್ಲಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಪಿಯೆರ್ ಜಾನ್ಸೆನ್ ಈಗಿನ ಆಂಧ್ರಪ್ರದೇಶದ ಗುಂಟೂರಿನಲ್ಲಿ ವೀಕ್ಷಿಸಿದ್ದರು. ಆ ವರ್ಷದ ವೀಕ್ಷಣೆಗಳಲ್ಲಿ ಕಂಡುಬಂದ ಹಳದಿ ರೋಹಿತರೇಖೆ ಹೊಸ ಧಾತುವೊಂದಕ್ಕೆ ಸೇರಿದ್ದೆಂದು ಮುಂದೆ ಗುರುತಿಸಲಾಯಿತು. 1895ರಲ್ಲಿ ವಿಲಿಯಂ ರ್‍ಯಾಮ್ಸೆ ಭೂಮಿಯ ಖನಿಜದಲ್ಲಿ ಹೀಲಿಯಂ ಇರುವುದನ್ನು ತೋರಿಸಿದರು. ಮೋನಜೈಟ್ ಮರಳಿನಲ್ಲಿರುವ ಥೋರಿಯಂ ವಿಕಿರಣ ಹೊರಸೂಸುತ್ತ ಕ್ಷಯಿಸುವಾಗ ಹೀಲಿಯಂ ಹುಟ್ಟಿ ಮರಳಿನ ಕಣಗಳಲ್ಲಿಯೇ ಸಿಕ್ಕಿಕೊಂಡಿರುತ್ತದೆ. ತಮ್ಮ ಓನ್ನೊ ಅವರ ಮೂಲಕ ಅಮೆರಿಕದಿಂದ ಇಂಥ ಮರಳನ್ನು ತರಿಸಿ, ಅದನ್ನು ಕಾಯಿಸಿ, ಹೊರಬಂದ ಅನಿಲವನ್ನು ಶುದ್ಧೀಕರಿಸಿ ಓನ್ನೆಸ್ ಅವರು ಸುಮಾರು 200 ಲೀಟರ್ ಹೀಲಿಯಂ ಸಂಗ್ರಹಿಸಿದರು.

1908ರ ಜುಲೈ 10ರಂದು ಪ್ರಯೋಗ ನಡೆಯಿತು. ಬೆಳಗಿನ ಜಾವ ಆರು ಗಂಟೆಗೆ ಮುಂಚೆಯೇ ಕೆಲಸ ಆರಂಭವಾಯಿತು. ಮೊದಲು ದ್ರವ ಗಾಳಿಯಿಂದ ತಣಿಸಿ ಸುಮಾರು 20 ಲೀಟರ್ ದ್ರವ ಹೈಡ್ರೋಜನ್ ತಯಾರಿಸಲಾಯಿತು. ಅದರ ಶೀತದಲ್ಲಿ ತಣಿದ ಹೀಲಿಯಂ ಅನ್ನು ಹೆಚ್ಚಿನ ಒತ್ತಡದಿಂದ ಕಿರಿದಾದ ರಂಧ್ರದ ಮೂಲಕ ಹಿಗ್ಗಲು ಬಿಟ್ಟಾಗ ಅದು ಮತ್ತಷ್ಟು ತಣಿಯಿತು. ಸಂಜೆಯಾದರೂ ದ್ರವ ಕಾಣಲಿಲ್ಲ. ತಾಪಮಾಪಕದ ಸೂಚಿಯಂತೂ ಒಂದೇ ಕಡೆ ನಿಂತುಬಿಟ್ಟಿತ್ತು. ಪ್ರಯೋಗ ನೋಡಲು ಬಂದಿದ್ದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಸ್ಕ್ರೈನೆಮಾಕರ್ಸ್ ಅವರ ಸೂಚನೆಯಂತೆ ಪಾತ್ರೆಗೆ ಕೆಳಗಿನಿಂದ ಬೆಳಕು ಹಾಯಿಸಿದಾಗ, ಸಂಜೆ ಏಳೂವರೆಯ ಹೊತ್ತಿಗೆ, ಪಾರದರ್ಶಕ ದ್ರವದ ಮೇಲ್ಮೈ ಕಣ್ಣಿಗೆ ಬಿದ್ದಿತು. ದೊರೆತ ದ್ರವ ಹೀಲಿಯಂ ಸುಮಾರು 60 ಮಿಲಿಲೀಟರ್. ಅದರ ಕುದಿಬಿಂದು ಸುಮಾರು 4.2 ಕೆಲ್ವಿನ್, ಅಂದರೆ ಮೈನಸ್ 269 ಡಿಗ್ರಿ ಸೆಲ್ಸಿಯಸ್. ದ್ರವದ ಮೇಲಿನ ಆವಿಯನ್ನು ಪಂಪಿನಿಂದ ಹೊರಸೆಳೆದು ಒತ್ತಡ ಇಳಿಸಿದಾಗ ತಾಪ ಇನ್ನೂ ಕೆಳಗಿಳಿಯಿತು. ಅನಂತರದ ಹದಿನೈದು ವರ್ಷ ದ್ರವ ಹೀಲಿಯಂ ತಯಾರಿಸಬಲ್ಲ ಸ್ಥಳ ಜಗತ್ತಿನಲ್ಲಿ ಲೈಡನ್ ಒಂದೇ ಆಗಿತ್ತು. 1923ರಲ್ಲಿ ಕೆನಡಾದ ಟೊರಾಂಟೊ ಎರಡನೆಯದಾಯಿತು.

ಅತಿವಾಹಕತೆಯ ಆವಿಷ್ಕಾರ

ತಾಪ ಇಳಿದಂತೆ ಲೋಹಗಳ ವಿದ್ಯುತ್ ರೋಧ ಕಡಿಮೆಯಾಗುತ್ತದೆ ಎಂಬುದು ಆಗಲೇ ತಿಳಿದಿತ್ತು. ಆದರೆ ಪರಮ ಶೂನ್ಯದ ಸಮೀಪ ಏನಾಗುತ್ತದೆ ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿದ್ದವು. ಎಲೆಕ್ಟ್ರಾನುಗಳೇ ಹೆಪ್ಪುಗಟ್ಟಿ ರೋಧ ಅಪಾರವಾಗಿ ಏರಬಹುದು ಎಂಬುದು ಲಾರ್ಡ್ ಕೆಲ್ವಿನ್ ಅವರ ಊಹೆ. ರೋಧ ಕ್ರಮೇಣ ಶೂನ್ಯದತ್ತ ಸಾಗಬಹುದು ಎಂಬುದು ಇನ್ನೊಂದು ನಿರೀಕ್ಷೆ. ಓನ್ನೆಸ್ ಮೊದಲು ಪ್ಲಾಟಿನಂ ಮತ್ತು ಚಿನ್ನವನ್ನು ಪರೀಕ್ಷಿಸಿದರು. ಅವುಗಳಲ್ಲಿ ರೋಧ ಒಂದು ಮಟ್ಟಕ್ಕೆ ಇಳಿದು ಅಲ್ಲಿಯೇ ನಿಂತಿತು. ಆ ಮಟ್ಟವು ಲೋಹದಲ್ಲಿದ್ದ ಕಲ್ಮಶವನ್ನು ಅವಲಂಬಿಸಿತ್ತು. ಹಾಗಾಗಿ ಮತ್ತೆ ಮತ್ತೆ ಬಟ್ಟಿ ಇಳಿಸಿ ಅತ್ಯಂತ ಶುದ್ಧಗೊಳಿಸಬಹುದಾದ ಪಾದರಸವನ್ನು ಅವರು ಆರಿಸಿಕೊಂಡರು.

1911ರ ಏಪ್ರಿಲ್ 8ರಂದು ಸಣ್ಣ ಗಾಜಿನ ನಳಿಕೆಗಳಲ್ಲಿ ಘನೀಭವಿಸಿದ ಪಾದರಸದ ರೋಧವನ್ನು ದ್ರವ ಹೀಲಿಯಂನಲ್ಲಿ ಅಳೆಯಲಾಯಿತು. ಶೀತ ಪಾತ್ರೆಯ ಹೊಣೆ ಫ್ಲಿಮ್ ಅವರದು, ತಾಪದ ಅಳತೆ ಕಾರ್ನೆಲಿಸ್ ಡಾರ್ಸ್‌ಮನ್ ಅವರದು, ರೋಧದ ಅಳತೆ ಗಿಲ್ಲೆಸ್ ಹೋಲ್ಸ್ಟ್ ಅವರದು. ಸುಮಾರು 3 ಕೆಲ್ವಿನ್ ತಾಪದಲ್ಲಿ ಪಾದರಸದ ರೋಧ ಅಳತೆಗೆ ಸಿಗದಷ್ಟು ಅಲ್ಪವಾಗಿತ್ತು. ಮುಂದಿನ ತಿಂಗಳುಗಳ ಪ್ರಯೋಗಗಳಲ್ಲಿ ಮತ್ತೂ ಆಶ್ಚರ್ಯದ ಸಂಗತಿ ಬೆಳಕಿಗೆ ಬಂದಿತು. ರೋಧ ಕ್ರಮೇಣ ಇಳಿಯದೆ, ಸುಮಾರು 4.2 ಕೆಲ್ವಿನ್ ತಾಪದಲ್ಲಿ ಡಿಗ್ರಿಯ ಅಲ್ಪಾಂಶದೊಳಗೆ ಹಠಾತ್ತನೆ ಇಲ್ಲವಾಗುತ್ತಿತ್ತು. ಲೋಹವು ಹೊಸದೊಂದು ಸ್ಥಿತಿಗೆ ಪ್ರವೇಶಿಸುತ್ತಿದೆ ಎಂದು ಓನ್ನೆಸ್ ನಿರ್ಣಯಿಸಿದರು. ಈ ಸ್ಥಿತಿಗೆ ಅತಿವಾಹಕತೆ ಎಂದೂ ಅದು ತೊಡಗುವ ತಾಪಕ್ಕೆ ಸಂಕ್ರಮಣ ತಾಪ ಎಂದೂ ಹೆಸರು. ಹೋಲ್ಸ್ಟ್ ಅವರ ಪಾತ್ರ ಮಹತ್ತ್ವದ್ದಾಗಿದ್ದರೂ ಪ್ರಬಂಧಗಳು ಓನ್ನೆಸ್ ಒಬ್ಬರ ಹೆಸರಿನಲ್ಲಿ ಪ್ರಕಟವಾದವು. ಅಂದಿನ ಪ್ರಯೋಗಾಲಯಗಳಲ್ಲಿ ಇದು ರೂಢಿಯಾಗಿದ್ದರೂ, ಆವಿಷ್ಕಾರದ ಶ್ರೇಯಸ್ಸಿನ ಹಂಚಿಕೆಯ ಬಗ್ಗೆ ವಿಜ್ಞಾನದ ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ. ಹೋಲ್ಸ್ಟ್ ಮುಂದೆ ಐಂಡ್‌ಹೋವನ್‌ನ ಫಿಲಿಪ್ಸ್ ಸಂಶೋಧನಾಲಯದ ಮೊದಲ ನಿರ್ದೇಶಕರಾದರು.

1912ರ ಕೊನೆಯಲ್ಲಿ ತವರ ಮತ್ತು ಸೀಸಗಳೂ ಅತಿವಾಹಕಗಳೆಂದು ತಿಳಿಯಿತು. ಪಾದರಸದಂತೆ ಇವನ್ನು ನಳಿಕೆಗಳಲ್ಲಿ ಹೆಪ್ಪುಗಟ್ಟಿಸಬೇಕಾಗಿರಲಿಲ್ಲ. ತಂತಿಯಾಗಿ ಎಳೆದು ಸುರುಳಿ ಸುತ್ತಬಹುದಿತ್ತು. 1914ರಲ್ಲಿ ಸೀಸದ ಸುರುಳಿಯೊಂದರಲ್ಲಿ ಒಮ್ಮೆ ಹುಟ್ಟಿಸಿದ ವಿದ್ಯುತ್ ಪ್ರವಾಹವು ಬ್ಯಾಟರಿಯ ಸಂಪರ್ಕವಿಲ್ಲದೆಯೇ ಗಂಟೆಗಟ್ಟಲೆ ಹರಿಯುತ್ತಿರುವುದನ್ನು ಅವರು ದಿಕ್ಸೂಚಿಯ ಸಹಾಯದಿಂದ ತೋರಿಸಿದರು.

ಕಾಂತಕ್ಷೇತ್ರದ ಮಿತಿ

ರೋಧವಿಲ್ಲದ ತಂತಿಯಿಂದ ಅತ್ಯಂತ ಪ್ರಬಲವಾದ ವಿದ್ಯುತ್ಕಾಂತಗಳನ್ನು ತಯಾರಿಸಬಹುದು ಎಂದು ಓನ್ನೆಸ್ 1913ರಲ್ಲಿ ಆಶಿಸಿದ್ದರು. 1,00,000 ಗೌಸ್ ಪ್ರಮಾಣದ ಕಾಂತಕ್ಷೇತ್ರ ಅವರ ಗುರಿಯಾಗಿತ್ತು. ಆದರೆ ಮರುವರ್ಷ ಅವರೇ ನಡೆಸಿದ ಪ್ರಯೋಗಗಳು ಬೇರೆ ಸಂಗತಿಯನ್ನು ತಿಳಿಸಿದವು. ಕೆಲವೇ ನೂರು ಗೌಸ್‌ಗಳ ಕಾಂತಕ್ಷೇತ್ರದಲ್ಲಿ ಸೀಸವೂ ತವರವೂ ಅತಿವಾಹಕತೆಯನ್ನು ಕಳೆದುಕೊಳ್ಳುತ್ತಿದ್ದವು. ಪ್ರವಾಹ ಒಂದು ಮಿತಿಯನ್ನು ಮೀರಿದಾಗಲೂ ಹಾಗೆಯೇ ಆಗುತ್ತಿತ್ತು. ಅವರು ಕಂಡ ಕನಸು ನನಸಾದದ್ದು 1960ರ ದಶಕದಲ್ಲಿ, ನಯೋಬಿಯಂ ಲೋಹದ ಸಂಯುಕ್ತ ಮತ್ತು ಮಿಶ್ರಲೋಹಗಳ ತಂತಿಗಳು ಬಂದ ಮೇಲೆ.

ಒತ್ತಡ ಮತ್ತು ಅತಿವಾಹಕತೆ: ಲೈಡನ್ ಪ್ರಯೋಗಗಳು

ತಾಪ, ಕಾಂತಕ್ಷೇತ್ರ ಮತ್ತು ಪ್ರವಾಹಗಳ ಪ್ರಭಾವ ತಿಳಿದ ಬಳಿಕ, ಲೋಹವನ್ನು ಅದುಮಿದರೆ ಅಥವಾ ಹಿಗ್ಗಿಸಿದರೆ ಅತಿವಾಹಕತೆ ಬದಲಾಗುವುದೇ ಎಂಬ ಪ್ರಶ್ನೆ ಉಳಿದಿತ್ತು. ಅತಿವಾಹಕತೆಗೆ ಕಾರಣವೇನೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಪರಮಾಣುಗಳ ನಡುವಣ ಅಂತರವನ್ನು ಬದಲಿಸಿದರೆ ಸಂಕ್ರಮಣ ತಾಪವೂ ಬದಲಾಗುವುದಾದರೆ, ಈ ವಿದ್ಯಮಾನಕ್ಕೂ ಸ್ಫಟಿಕದ ರಚನೆಗೂ ಸಂಬಂಧವಿದೆ ಎಂದು ತಿಳಿಯಬಹುದಾಗಿತ್ತು.

1925ರಲ್ಲಿ ಓನ್ನೆಸ್ ಅವರು ಜಿ. ಜೆ. ಸಿಜೂ ಅವರೊಂದಿಗೆ ತವರ ಮತ್ತು ಇಂಡಿಯಮ್ ಲೋಹಗಳ ಮೇಲೆ ಈ ಪ್ರಯೋಗಗಳನ್ನು ಪ್ರಕಟಿಸಿದರು. ಒತ್ತಡ ಹೇರಿದಾಗ ಸಂಕ್ರಮಣ ತಾಪ ತುಸು ಇಳಿಯಿತು. ತವರದ ತಂತಿಯನ್ನು ಎಳೆದು ಹಿಗ್ಗಿಸಿದಾಗ ಅದು ತುಸು ಏರಿತು. ಬದಲಾವಣೆ ಅತ್ಯಲ್ಪವಾಗಿದ್ದರೂ ಅದರ ದಿಕ್ಕು ಸ್ಪಷ್ಟವಾಗಿತ್ತು. ಈ ಅಳತೆ ಕಠಿಣವಾದದ್ದು. ದ್ರವ ಹೀಲಿಯಂನ ತಾಪದಲ್ಲಿ ಸಾಮಾನ್ಯ ದ್ರವಗಳೆಲ್ಲವೂ ಕಲ್ಲಿನಂತೆ ಗಟ್ಟಿಯಾಗುವುದರಿಂದ ಲೋಹದ ಎಲ್ಲ ಬದಿಗಳಿಗೂ ಸಮನಾಗಿ ಒತ್ತಡ ತಲುಪಿಸುವುದು ಕಷ್ಟ. ಹೀಲಿಯಂ ಕೂಡ ಹೆಚ್ಚಿನ ಒತ್ತಡದಲ್ಲಿ ಘನವಾಗುತ್ತದೆ. ಇದನ್ನು ಓನ್ನೆಸ್ ಅವರ ಉತ್ತರಾಧಿಕಾರಿ ವಿಲೆಮ್ ಕೀಸಮ್, ಓನ್ನೆಸ್ ನಿಧನರಾದ ಕೆಲವೇ ತಿಂಗಳ ಬಳಿಕ, 1926ರ ಜೂನ್‌ನಲ್ಲಿ ಸಾಧಿಸಿ ತೋರಿಸಿದರು. ಕೇವಲ ತಣಿಸಿ ಹೀಲಿಯಂ ಅನ್ನು ಘನವಾಗಿಸಲು ಓನ್ನೆಸ್ ಮಾಡಿದ್ದ ಪ್ರಯತ್ನಗಳು ಸಫಲವಾಗಿರಲಿಲ್ಲ. ಒತ್ತಡವಿಲ್ಲದೆ ಅದು ಸಾಧ್ಯವೇ ಇರಲಿಲ್ಲ.

ಅನಂತರದ ಬೆಳವಣಿಗೆಗಳು

ಲೈಡನ್ ಪ್ರಯೋಗಗಳು ಆರಂಭಿಸಿದ ಸಂಶೋಧನೆ ಒಂದು ಶತಮಾನದಿಂದ ಮುಂದುವರಿಯುತ್ತಿದೆ. ಅಮೆರಿಕದ ಪರ್ಸಿ ಬ್ರಿಜ್‌ಮನ್ ಅತ್ಯಧಿಕ ಒತ್ತಡದ ಉಪಕರಣಗಳನ್ನು ರೂಪಿಸಿ 1946ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. 1944ರಲ್ಲಿ ಸೋವಿಯತ್ ಒಕ್ಕೂಟದ ಲಾಜರೆವ್ ಮತ್ತು ಕಾನ್ ಸರಳವಾದ ಉಪಾಯವೊಂದನ್ನು ಪ್ರಕಟಿಸಿದರು. ಗಟ್ಟಿಯಾಗಿ ಮುಚ್ಚಿದ ಲೋಹದ ಪಾತ್ರೆಯಲ್ಲಿ ನೀರನ್ನು ಹೆಪ್ಪುಗಟ್ಟಿಸಿದರೆ, ಹಿಗ್ಗಲು ಜಾಗವಿಲ್ಲದ ಮಂಜುಗಡ್ಡೆಯೇ ಒಳಗಿನ ಲೋಹದ ತುಣುಕಿನ ಮೇಲೆ ಸುಮಾರು 1,700 ವಾಯುಮಂಡಲಗಳಷ್ಟು ಒತ್ತಡ ಹೇರುತ್ತದೆ. 1950ರ ದಶಕದ ಕೊನೆಯಲ್ಲಿ ಎರಡು ವಜ್ರಗಳ ತುದಿಗಳ ನಡುವೆ ವಸ್ತುವನ್ನು ಅದುಮುವ ವಜ್ರದ ಅಡಿಗಲ್ಲು ಕೋಶ ಬಳಕೆಗೆ ಬಂದಿತು. ಇದರಿಂದ ನೂರಾರು ಗಿಗಾಪಾಸ್ಕಲ್ ಒತ್ತಡ ಸಾಧ್ಯವಾಗಿದೆ. ಒಂದು ಗಿಗಾಪಾಸ್ಕಲ್ ಎಂದರೆ ಸುಮಾರು 10,000 ವಾಯುಮಂಡಲಗಳ ಒತ್ತಡ.

ಈವರೆಗಿನ ಮುಖ್ಯ ಫಲಿತಾಂಶಗಳು ಹೀಗಿವೆ:

• ತವರ, ಇಂಡಿಯಮ್, ಸೀಸ, ಅಲ್ಯೂಮಿನಿಯಂ ಮೊದಲಾದ ಸರಳ ಲೋಹಗಳಲ್ಲಿ ಒತ್ತಡ ಹೆಚ್ಚಿದಂತೆ ಸಂಕ್ರಮಣ ತಾಪ ಇಳಿಯುತ್ತದೆ. ಸಾಮಾನ್ಯ ಒತ್ತಡದಲ್ಲಿ 3.7 ಕೆಲ್ವಿನ್ ಇರುವ ತವರದ ಸಂಕ್ರಮಣ ತಾಪ ಪ್ರತಿ ಗಿಗಾಪಾಸ್ಕಲ್‌ಗೆ ಸುಮಾರು ಅರ್ಧ ಕೆಲ್ವಿನ್‌ನಷ್ಟು ಕುಸಿಯುತ್ತದೆ. ಅಲ್ಯೂಮಿನಿಯಂನ 1.2 ಕೆಲ್ವಿನ್ ತಾಪವು ಸುಮಾರು 6 ಗಿಗಾಪಾಸ್ಕಲ್ ಒತ್ತಡದಲ್ಲಿ 0.1 ಕೆಲ್ವಿನ್‌ಗಿಂತಲೂ ಕೆಳಗಿಳಿಯುತ್ತದೆ.
• ಥ್ಯಾಲಿಯಂ ಲೋಹದಲ್ಲಿ ಸಂಕ್ರಮಣ ತಾಪ ಮೊದಲು ತುಸು ಏರಿ ಅನಂತರ ಇಳಿಯುತ್ತದೆ.
• ವೆನೇಡಿಯಂ ಲೋಹದ ಸಂಕ್ರಮಣ ತಾಪ ಸಾಮಾನ್ಯ ಒತ್ತಡದಲ್ಲಿ 5.3 ಕೆಲ್ವಿನ್, 120 ಗಿಗಾಪಾಸ್ಕಲ್ ಒತ್ತಡದಲ್ಲಿ ಅದು ಸುಮಾರು 17 ಕೆಲ್ವಿನ್‌ಗೆ ಏರುತ್ತದೆ.
• ಬಿಸ್ಮತ್ ಸಾಮಾನ್ಯ ಒತ್ತಡದಲ್ಲಿ ದ್ರವ ಹೀಲಿಯಂನ ತಾಪದಲ್ಲಿ ಅತಿವಾಹಕವಲ್ಲ. 20,000 ವಾಯುಮಂಡಲಗಳಿಗೂ ಮೀರಿದ ಒತ್ತಡದಲ್ಲಿ ಅದರ ಸ್ಫಟಿಕ ರಚನೆ ಬದಲಾಗಿ, ಸುಮಾರು 7 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ ಎಂದು 1953ರಲ್ಲಿ ಬ್ರಿಟನ್ನಿನ ಚೆಸ್ಟರ್ ಮತ್ತು ಜೋನ್ಸ್ ತೋರಿಸಿದರು.
• ಕಬ್ಬಿಣವು ಕಾಂತವಸ್ತುವಾಗಿರುವುದರಿಂದ ಅತಿವಾಹಕವಾಗದು ಎಂಬ ನಂಬಿಕೆಯಿತ್ತು. ಸುಮಾರು 15ರಿಂದ 30 ಗಿಗಾಪಾಸ್ಕಲ್ ಒತ್ತಡದಲ್ಲಿ, ಅದರ ಕಾಂತತ್ವ ಅಳಿದ ಮೇಲೆ, 2 ಕೆಲ್ವಿನ್‌ಗಿಂತ ಕೆಳಗೆ ಅದೂ ಅತಿವಾಹಕವಾಗುತ್ತದೆ ಎಂದು 2001ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದರು.
• ಕ್ಯಾಲ್ಸಿಯಂ ಲೋಹವು 200 ಗಿಗಾಪಾಸ್ಕಲ್ ಮೀರಿದ ಒತ್ತಡದಲ್ಲಿ ಸುಮಾರು 29 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. ಸ್ಕ್ಯಾಂಡಿಯಂ ಲೋಹವು 260 ಗಿಗಾಪಾಸ್ಕಲ್ ಸಮೀಪ ಸುಮಾರು 36 ಕೆಲ್ವಿನ್ ತಲುಪುತ್ತದೆ ಎಂದು 2023ರಲ್ಲಿ ವರದಿಯಾಯಿತು.

ಸಾಮಾನ್ಯ ಒತ್ತಡದಲ್ಲಿ ಸುಮಾರು 30 ಧಾತುಗಳು ಅತಿವಾಹಕಗಳು. ಇನ್ನೂ 20ಕ್ಕೂ ಹೆಚ್ಚು ಧಾತುಗಳು ಒತ್ತಡದಲ್ಲಿ ಮಾತ್ರ ಆ ಸ್ಥಿತಿಯನ್ನು ತಲುಪುತ್ತವೆ.

ಪರಿಣಾಮದ ಕಾರಣ

ಅತಿವಾಹಕತೆಯ ತೃಪ್ತಿಕರ ವಿವರಣೆ ದೊರೆತದ್ದು 1957ರಲ್ಲಿ, ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ ಅವರ ಸಿದ್ಧಾಂತದಿಂದ. ಇದರ ಪ್ರಕಾರ ಎಲೆಕ್ಟ್ರಾನೊಂದು ಲೋಹದಲ್ಲಿ ಸಾಗುವಾಗ ಸುತ್ತಲಿನ ಧನ ಅಯಾನುಗಳನ್ನು ತನ್ನತ್ತ ತುಸು ಸೆಳೆಯುತ್ತದೆ. ಹೀಗೆ ದಟ್ಟವಾದ ಧನ ಆವೇಶವು ಮತ್ತೊಂದು ಎಲೆಕ್ಟ್ರಾನನ್ನು ಆಕರ್ಷಿಸುತ್ತದೆ. ಜಾಲದ ಕಂಪನಗಳ ಮಧ್ಯಸ್ಥಿಕೆಯಿಂದ ಎಲೆಕ್ಟ್ರಾನುಗಳು ಜೋಡಿಯಾಗಿ, ಎಲ್ಲ ಜೋಡಿಗಳೂ ಒಂದಾಗಿ ರೋಧವಿಲ್ಲದೆ ಚಲಿಸುತ್ತವೆ.

ಒತ್ತಡ ಹೇರಿದಾಗ ಪರಮಾಣುಗಳು ಹತ್ತಿರ ಸರಿದು ಜಾಲವು ಬಿಗಿಯಾಗುತ್ತದೆ. ಬಿಗಿಯಾದ ಜಾಲವು ಎಲೆಕ್ಟ್ರಾನಿನ ಸೆಳೆತಕ್ಕೆ ಸುಲಭವಾಗಿ ಬಾಗದು. ಆದ್ದರಿಂದ ಎಲೆಕ್ಟ್ರಾನುಗಳ ನಡುವಣ ಪರೋಕ್ಷ ಆಕರ್ಷಣೆ ದುರ್ಬಲಗೊಂಡು ಸಂಕ್ರಮಣ ತಾಪ ಇಳಿಯುತ್ತದೆ. ಓನ್ನೆಸ್ ಮತ್ತು ಸಿಜೂ ತವರ ಮತ್ತು ಇಂಡಿಯಮ್‌ಗಳಲ್ಲಿ ಕಂಡದ್ದು ಇದನ್ನೇ. ಉಷ್ಣಗತಿವಿಜ್ಞಾನದ ದೃಷ್ಟಿಯಿಂದಲೂ ಇದನ್ನು ಹೇಳಬಹುದು. ಇಂಥ ಲೋಹವು ಅತಿವಾಹಕ ಸ್ಥಿತಿಯಲ್ಲಿ ಸಾಮಾನ್ಯ ಸ್ಥಿತಿಗಿಂತ ಅತ್ಯಲ್ಪ ಪ್ರಮಾಣದಲ್ಲಿ, ದಶಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ, ಹೆಚ್ಚು ಗಾತ್ರ ಹೊಂದಿರುತ್ತದೆ. ಒತ್ತಡವು ಕಡಿಮೆ ಗಾತ್ರದ ಸ್ಥಿತಿಯ ಪರವಾಗಿರುವುದರಿಂದ ಸಾಮಾನ್ಯ ಸ್ಥಿತಿಯೇ ಮೇಲುಗೈ ಪಡೆಯುತ್ತದೆ.

ಕ್ಯಾಲ್ಸಿಯಂ, ಸ್ಕ್ಯಾಂಡಿಯಂಗಳಂಥ ಲೋಹಗಳಲ್ಲಿ ಮತ್ತೊಂದು ಪ್ರಕ್ರಿಯೆ ನಡೆಯುತ್ತದೆ. ಅತ್ಯಧಿಕ ಒತ್ತಡದಲ್ಲಿ ಎಲೆಕ್ಟ್ರಾನುಗಳು ಒಂದು ಬಗೆಯ ಕಕ್ಷಕದಿಂದ ಮತ್ತೊಂದಕ್ಕೆ ವರ್ಗಗೊಳ್ಳುತ್ತವೆ, ಸ್ಫಟಿಕವೂ ಹೊಸ ರಚನೆ ತಾಳುತ್ತದೆ. ಆಗ ಜಾಲದೊಂದಿಗೆ ಎಲೆಕ್ಟ್ರಾನುಗಳ ಸಂಬಂಧ ಬಲಗೊಂಡು ಸಂಕ್ರಮಣ ತಾಪ ಏರುತ್ತದೆ. ಹೀಗೆ ಒತ್ತಡವೆಂಬ ಒಂದೇ ಕಾರಣವು ಕೆಲವು ಲೋಹಗಳಲ್ಲಿ ಅತಿವಾಹಕತೆಯನ್ನು ಅಳಿಸಿದರೆ, ಮತ್ತೆ ಕೆಲವುಗಳಲ್ಲಿ ಅದನ್ನು ಹುಟ್ಟಿಸುತ್ತದೆ.

ಪ್ರಶಸ್ತಿ ಮತ್ತು ವ್ಯಕ್ತಿತ್ವ

ಕಡಿಮೆ ತಾಪದಲ್ಲಿ ವಸ್ತುಗಳ ಗುಣಗಳನ್ನು ಕುರಿತ ಸಂಶೋಧನೆಗಾಗಿ, ಅದರಲ್ಲೂ ದ್ರವ ಹೀಲಿಯಂ ತಯಾರಿಕೆಗೆ ದಾರಿಮಾಡಿದ್ದಕ್ಕಾಗಿ, ಓನ್ನೆಸ್ ಅವರಿಗೆ 1913ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ನೀಡಲಾಯಿತು. ಬಾಲ್ಯದಿಂದಲೂ ಅವರ ಆರೋಗ್ಯ ನಾಜೂಕಾಗಿತ್ತು. ಆದರೂ ದೀರ್ಘ ಪ್ರಯೋಗಗಳನ್ನು ಹಠಹಿಡಿದು ನಡೆಸುತ್ತಿದ್ದರು. ಪ್ರಯೋಗಾಲಯದಲ್ಲಿ ಅವರ ಆಡಳಿತ ಬಿಗಿಯಾಗಿತ್ತು. ಮನೆಯಲ್ಲಿ ಅವರು ಅತಿಥಿಗಳನ್ನು ಆದರಿಸುವವರಾಗಿದ್ದರು. ಹೊರದೇಶಗಳ ಅನೇಕ ವಿಜ್ಞಾನಿಗಳಿಗೆ ಪ್ರಯೋಗಾಲಯದ ಬಾಗಿಲು ತೆರೆದಿತ್ತು. ಮೊದಲನೆಯ ಮಹಾಯುದ್ಧದ ಅನಂತರ ವಿರೋಧಿ ದೇಶಗಳ ವಿಜ್ಞಾನಿಗಳ ನಡುವಣ ವೈಮನಸ್ಯವನ್ನು ಕಡಿಮೆಗೊಳಿಸಲು ಪ್ರಯತ್ನಿಸಿದರು. ಆಹಾರದ ಕೊರತೆಯಿಂದ ಬಳಲುತ್ತಿದ್ದ ದೇಶಗಳ ಮಕ್ಕಳ ನೆರವಿಗೂ ಶ್ರಮಿಸಿದರು.

ನಿವೃತ್ತಿ ಮತ್ತು ನಿಧನ

1923ರಲ್ಲಿ ಓನ್ನೆಸ್ ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾದರು. ಪ್ರಯೋಗಾಲಯದ ಹೊಣೆಯನ್ನು ಕೀಸಮ್ ಮತ್ತು ವಾಂಡರ್ ಡಿ ಹಾಸ್ ಹಂಚಿಕೊಂಡರು. ನಿವೃತ್ತಿಯ ಬಳಿಕವೂ ಅವರು ಸಂಶೋಧನೆಯಲ್ಲಿ ತೊಡಗಿದ್ದರು. ಒತ್ತಡವನ್ನು ಕುರಿತ 1925ರ ಪ್ರಬಂಧ ಆ ಅವಧಿಯದು. 1926ರ ಫೆಬ್ರವರಿ 21ರಂದು ಲೈಡನ್‌ನಲ್ಲಿ ನಿಧನರಾದರು. ಸಮೀಪದ ವೋರ್‌ಸ್ಕೋಟನ್‌ನಲ್ಲಿ ಅವರ ಸಮಾಧಿಯಿದೆ. ಲೈಡನ್‌ನ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಅವರ ಹೆಸರನ್ನಿಡಲಾಯಿತು. ಚಂದ್ರನ ಮೇಲಿನ ಕುಳಿಯೊಂದಕ್ಕೂ ಅವರ ಹೆಸರಿದೆ.

ಭಾರತ ಮತ್ತು ಕರ್ನಾಟಕದಲ್ಲಿ ಮುಂದುವರಿಕೆ

ಭಾರತದಲ್ಲಿ ದ್ರವ ಹೀಲಿಯಂ ಬಳಸುವ ಸಂಶೋಧನೆ 1950ರ ದಶಕದಲ್ಲಿ, ಕೆ. ಎಸ್. ಕೃಷ್ಣನ್ ನಿರ್ದೇಶಕರಾಗಿದ್ದ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿ ನೆಲೆಗೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅತಿಶೀತ ತಂತ್ರಜ್ಞಾನಕ್ಕೆ ಮೀಸಲಾದ ಕೇಂದ್ರವಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರೊಂದಿಗೆ ಕೆಲಸ ಮಾಡಿದ ಎ. ಜಯರಾಮನ್ ಮುಂದೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಅಧಿಕ ಒತ್ತಡದ ಭೌತವಿಜ್ಞಾನಿಯಾಗಿ ಹೆಸರಾದರು. ವಜ್ರದ ಅಡಿಗಲ್ಲು ಕೋಶವನ್ನು ಕುರಿತು 1983ರಲ್ಲಿ ಅವರು ಬರೆದ ಸಮೀಕ್ಷಾ ಪ್ರಬಂಧ ಆ ಕ್ಷೇತ್ರದ ಪ್ರಮುಖ ಆಕರವಾಗಿದೆ. ಸಾಮಾನ್ಯ ಒತ್ತಡದಲ್ಲಿ ಅತಿವಾಹಕವಲ್ಲವೆಂದು ಭಾವಿಸಲಾಗಿದ್ದ ಬಿಸ್ಮತ್, 0.53 ಮಿಲಿಕೆಲ್ವಿನ್ ತಾಪದಲ್ಲಿ ಒತ್ತಡದ ನೆರವಿಲ್ಲದೆಯೇ ಅತಿವಾಹಕವಾಗುತ್ತದೆ ಎಂಬುದನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು.

ಓನ್ನೆಸ್ ಅವರ ಎರಡು ಆವಿಷ್ಕಾರಗಳೂ ಇಂದು ಆಸ್ಪತ್ರೆಗಳಲ್ಲಿ ಒಟ್ಟಾಗಿ ಕೆಲಸ ಮಾಡುತ್ತಿವೆ. ಬೆಂಗಳೂರು, ಹುಬ್ಬಳ್ಳಿ, ಬಾಗಲಕೋಟೆಯಂಥ ನಗರಗಳಲ್ಲಿ ಮೆದುಳು, ಬೆನ್ನುಹುರಿ ಮತ್ತು ಕೀಲುಗಳ ಚಿತ್ರ ತೆಗೆಯಲು ಎಂ.ಆರ್.ಐ. ಯಂತ್ರಗಳನ್ನು ಬಳಸಲಾಗುತ್ತದೆ. ಬಾದಾಮಿ, ಹುನಗುಂದ, ಇಳಕಲ್‌ಗಳಂಥ ಊರುಗಳ ರೋಗಿಗಳಿಗೂ ಈ ಪರೀಕ್ಷೆ ಈಗ ಪರಿಚಿತ. ಅಧಿಕ ಕಾಂತಕ್ಷೇತ್ರದ ಇಂಥ ಯಂತ್ರಗಳಲ್ಲಿ ನಯೋಬಿಯಂ–ಟೈಟಾನಿಯಂ ತಂತಿಯ ಅತಿವಾಹಕ ಸುರುಳಿಯನ್ನು ದ್ರವ ಹೀಲಿಯಂ ತಣಿಸುತ್ತದೆ; ಒಮ್ಮೆ ಹರಿಯಬಿಟ್ಟ ಪ್ರವಾಹ ವರ್ಷಗಟ್ಟಲೆ ಹರಿಯುತ್ತಲೇ ಇರುತ್ತದೆ.